ಮಂಜಿನ ದಾರಿಯಲ್ಲಿ ಮಾವನವರು

ನಮ್ಮ ಮಾವನವರು ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನಾನು ನಲವತ್ತೆರಡನೆಯ ವಯಸ್ಸಿಗೆ ಕಾರು ಕಲಿತವಳು. ಇಂಥ ಇಬ್ಬರು ಒಂದೇ ಮನೆಯಲ್ಲಿ ಇರಬಹುದು, ಒಂದೇ ಕಾರಿನಲ್ಲಿ ಕೂರಬಾರದು.

ನಾನು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ. ಹತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿ ಸಾಕಾಗಿ ಒಂದು ಹಳೆಯ ಸಣ್ಣ ಕಾರು ಕೊಂಡೆ. ಬೇಸಿಗೆ ಮಳೆಗಾಲಗಳಲ್ಲಿ ಯಾವ ತಕರಾರೂ ಇರಲಿಲ್ಲ. ಡಿಸೆಂಬರ್ ಬಂತು, ಹತ್ತನೆಯ ತರಗತಿಯವರಿಗೆ ಬೆಳಿಗ್ಗೆ ಎಂಟಕ್ಕೆ ವಿಶೇಷ ತರಗತಿ ಶುರುವಾಯಿತು. ಆರೂಮುಕ್ಕಾಲಿಗೆ ಮನೆ ಬಿಡಬೇಕು. ಆ ಹೊತ್ತಿಗೆ ನಮ್ಮ ಓಣಿಯ ತುದಿಯ ನೀರಿನ ಟಾಕಿಯೂ ಕಾಣುತ್ತಿರಲಿಲ್ಲ, ಅಷ್ಟು ಮಂಜು.

ಮೊದಲ ದಿನವೇ ಮಾವನವರು ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಥಂಡಿ ಮುಗಿಯೋತನಕ ನಾ ಬರ್ತೀನಿ, ಯವ್ವಾ. ನಿನಗ ಮಂಜ ಗೊತ್ತಿಲ್ಲ."

ಮಂಜು ನನಗೆ ಗೊತ್ತಿಲ್ಲವಂತೆ. ಗಾಳಿಯಲ್ಲಿನ ನೀರಿನ ಆವಿ ತಂಪಾಗಿ ಹನಿಯಾಗುವುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳೇ ನಾನು. ಹೇಳಿದೆ. ಅವರು ನಕ್ಕರು. "ಬೋರ್ಡಿನ ಮ್ಯಾಲ ಎದುರಿಂದ ಲಾರಿ ಬರಂಗಿಲ್ಲ" ಅಂದರು.

ಬೇರೆ ಊರಿನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಬರುವ ನನ್ನ ಗಂಡನಿಗೆ ಫೋನು ಮಾಡಿ ದೂರು ಹೇಳಿದೆ. "ಅಪ್ಪನ ಮಾತು ಕೇಳು, ಅವರಿಗೆ ರಸ್ತೆ ಗೊತ್ತದ" ಎಂದರು. ಅರ್ಧ ಗಂಟೆಯ ಮೇಲೆ ಅವರೇ ಅಪ್ಪನಿಗೆ ಫೋನು ಮಾಡಿ, "ಅಪ್ಪಾ, ಅಕಿಗೆ ಗಾಡಿ ಓಡಸಾಕ ಬಿಡ್ರಿ, ನಡುವ ಮಾತಾಡಬ್ಯಾಡ್ರಿ" ಎಂದರಂತೆ. ಇಬ್ಬರ ಕಡೆಯೂ ಒಳ್ಳೆಯವರಾಗಿ ಅವರು ಅಲ್ಲಿ ಬೆಚ್ಚಗೆ ಮಲಗಿದರು. ಕಾರಿನಲ್ಲಿ ಉಳಿದವರು ನಾವಿಬ್ಬರು.

ಮಾವನವರು ನನ್ನನ್ನು ಶಾಲೆಗೆ ಮುಟ್ಟಿಸಿ, ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ತಮ್ಮ ಹಳೆಯ ಗೆಳೆಯರ ಜೊತೆ ಚಹಾ ಕುಡಿಯುತ್ತ ಸಂಜೆಯವರೆಗೆ ಕಾಲ ಕಳೆದು, ನನ್ನ ಜೊತೆಗೇ ಮರಳುತ್ತಿದ್ದರು. ನೋಡಿದವರಿಗೆ ಎಂಥ ಪ್ರೀತಿಯ ಮಾವ ಅನ್ನಿಸುತ್ತಿತ್ತು. ಪ್ರೀತಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪ್ರೀತಿ ಮನೆಯಿಂದ ಶಾಲೆಯವರೆಗೆ ಬಾಯಿ ಮುಚ್ಚುತ್ತಿರಲಿಲ್ಲ.

"ಅಪ್ಪರ್ ಯಾಕ ಹಾಕಿ? ಡಿಪ್ಪರ್ ಮಾಡು. ಮ್ಯಾಲಿನ ಲೈಟ್ ಮಂಜಿಗಿ ಬಡದು ತಿರುಗಿ ನಮ್ಮ ಕಣ್ಣಿಗೇ ಬರ್ತದ."

"ನಾಲ್ಕೂ ಇಂಡಿಕೇಟರ್ ಬಂದ್ ಮಾಡು. ಅವು ನಿಂತ ಗಾಡಿಗಿ. ಓಡೋ ಗಾಡಿಗಿ ಹಾಕಿದ್ರ, ನೀ ಯಾವ ಕಡಿ ಹೊಳ್ಳಾಕತ್ತಿ ಅಂತ ಹಿಂದಿನಾವಗ ಹ್ಯಾಂಗ ತಿಳೀಬೇಕು?"

"ಕಾಜ ಇಳಸು."

ಈ ಕಾಜ, ಅಂದರೆ ಕಿಟಕಿ ಗಾಜು, ದಿನನಿತ್ಯದ ಜಗಳ. ಮಂಜಿನಲ್ಲಿ ಕಣ್ಣಿಗಿಂತ ಕಿವಿ ಮೊದಲು ಕೆಲಸ ಮಾಡುತ್ತದೆ, ಕಿಟಕಿ ಎರಡು ಬೆರಳಾದರೂ ತೆರೆದಿರಬೇಕು ಎಂಬುದು ಅವರ ವಾದ. ಡಿಸೆಂಬರಿನ ಆ ಗಾಳಿ ಕಿವಿಯಲ್ಲಿ ಸೂಜಿ ಚುಚ್ಚಿದಂತೆ ನುಗ್ಗುತ್ತಿತ್ತು. ಒಳಗಿನಿಂದ ಗಾಜು ಮಸುಕಾದರೆ ಎ.ಸಿ. ಹಾಕಬೇಕು, ಅದು ಒಳಗಿನ ಗಾಳಿಯ ತೇವ ತೆಗೆಯುತ್ತದೆ ಎಂದು ನಾನು ಪಾಠ ಮಾಡಿದರೆ, "ಥಂಡ್ಯಾಗ ಎ.ಸಿ.? ಮಂದಿ ನಗ್ತಾರ" ಎಂದು ಹಳೆಯ ಪೇಪರಿನ ಉಂಡೆ ಮಾಡಿ ಗಾಜು ಉಜ್ಜುತ್ತಿದ್ದರು. ನಾನು ಎ.ಸಿ. ಹಾಕುವುದು, ಅವರು ಆರಿಸುವುದು. ಈ ಒಂದು ವಿಷಯದಲ್ಲಿ ನಾನು ಹೇಳಿದ್ದೇ ಸರಿ. ಇವತ್ತಿಗೂ ಅವರು ಒಪ್ಪಿಲ್ಲ.

ಇದಕ್ಕಿಂತ ನನ್ನ ಜೀವ ತಿನ್ನುತ್ತಿದ್ದದ್ದು ಅವರ ಬಲಗಾಲು. ಎಡಗಡೆಯ ಸೀಟಿನಲ್ಲಿ ಕೂತವರಿಗೆ ಬ್ರೇಕು ಎಲ್ಲಿರುತ್ತದೆ? ಆದರೂ ಅವರ ಕಾಲು ಪ್ರತಿ ತಿರುವಿಗೂ ನೆಲ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಹಲ್ಲುಗಳ ನಡುವಿನಿಂದ "ಸ್ಸ್" ಎಂದು ಗಾಳಿ ಎಳೆದುಕೊಳ್ಳುತ್ತಿದ್ದರು. ಆ "ಸ್ಸ್" ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಬಸವಕಲ್ಯಾಣದಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರ್ ಬಂದರೆ ಸಸ್ತಾಪುರ ಬಂಗ್ಲಾ. ಅಲ್ಲಿ ಮುಂಬೈ-ಹೈದರಾಬಾದ್ ಹೆದ್ದಾರಿ ಸಿಗುತ್ತದೆ. ಎಡಕ್ಕೆ ಹೊರಳಿ ರಾಜೇಶ್ವರ ದಾಟಿದರೆ ಹುಮನಾಬಾದ್. ಬಂಗ್ಲಾದಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹತ್ತುತ್ತಿದ್ದರು. ಮಂಕಿ ಟೋಪಿ, ಕೈಗವಸು, ಮೇಲೊಂದು ಶಾಲು. ಹಿಂದಿನ ಸೀಟಿನಲ್ಲಿ ಕೂತ ತಕ್ಷಣ ಗಡಿಯಾರ ನೋಡುವುದು ಅವರ ರೂಢಿ.

"ಮೇಡಂ, ಜರಾ ಜಲ್ದಿ ನಡೀರಿ. ಎಂಟರ ಒಳಗ ಹಾಜರಿ ಮಷೀನಿಗೆ ಬೆರಳ ಒತ್ತಲಿಲ್ಲಂದ್ರ ಹೆಡ್ ಮೇಡಂ ನೋಟಿಸ್ ಕೊಡ್ತಾರ."

"ಬೆರಳ ಇದ್ರಲ್ಲಾ ಒತ್ತೋದು?" ಎಂದು ಮುಂದಿನಿಂದ ಮಾವನವರು.

"ಸರ್, ಬೆಲ್ಟ್ ಹಾಕ್ಕೊಳ್ರಿ" ಎಂದು ನಾನು.

"ಹಿಂದ ಯಾರ್ ಹಾಕ್ತಾರ್ರಿ ಮೇಡಂ?"

ಒಬ್ಬರು ನಿಧಾನ ಅನ್ನುತ್ತಾರೆ, ಇನ್ನೊಬ್ಬರು ಜೋರು ಅನ್ನುತ್ತಾರೆ, ನಡುವೆ ಸ್ಟೇರಿಂಗು ಹಿಡಿದ ನಾನು. ರಸ್ತೆಯಾದರೂ ಸುಮ್ಮನಿತ್ತೆ? ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಒಂದು ಕೆಂಪು ದೀಪವಿಲ್ಲ. ಮುಂದಿನ ತಿರುವಿನವರೆಗೆ ಹೋಗಿ ಹೊಳ್ಳಿ ಬರುವುದು ದೂರವೆಂದು ಹೆದ್ದಾರಿಯ ಉಲ್ಟಾ ಬದಿಯಲ್ಲೇ ಎದುರಿಗೆ ಬರುವ ಮೋಟರ್‌ಸೈಕಲ್ಲುಗಳು. ಹೊಲದ ಕರಿಮಣ್ಣನ್ನು ಗಾಲಿಯಲ್ಲಿ ತಂದು ಡಾಂಬರಿಗೆ ಮೆತ್ತಿ ಹೋದರೆ, ಅದರ ಮೇಲೆ ಇಬ್ಬನಿ ಬಿದ್ದು ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಊರ ಹತ್ತಿರದ ರಸ್ತೆಯಲ್ಲಿ ತೊಗರಿ ಕಟ್ಟಿಗೆ ಹರವಿ, ನಮ್ಮ ಗಾಲಿಯಿಂದಲೇ ಪುಕ್ಕಟೆ ರಾಶಿ ಮಾಡಿಸಿಕೊಳ್ಳುವವರು ಬೇರೆ. ಕೇಳಿದರೆ, "ನಿಮಗೇನ್ ಕಷ್ಟ ಅಕ್ಕೋರ, ಮ್ಯಾಲ ಹಾಯ್ಸಿ ಹೋಗ್ರಿ" ಅನ್ನುತ್ತಾರೆ. ಆ ಕಟ್ಟಿಗೆಯ ಮೇಲೆ ಬ್ರೇಕು ಹಿಡಿಯುವುದಿಲ್ಲ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಜನವರಿಯ ಎರಡನೆಯ ವಾರದ ಒಂದು ಬೆಳಿಗ್ಗೆ. ಬಂಗ್ಲಾ ಬಿಟ್ಟು ಹೆದ್ದಾರಿಗೆ ಬಿದ್ದಾಗ ಮಂಜು ಹಾಲಿನ ಹಾಗಿತ್ತು. ಯಾರೋ ಹೊಲದಲ್ಲಿ ಕಬ್ಬಿನ ಸೋಗೆಗೆ ಬೆಂಕಿ ಹಚ್ಚಿದ್ದರು, ಆ ಹೊಗೆ ಮಂಜಿನೊಳಗೆ ಸೇರಿ ಕೆಳಗೇ ಕೂತಿತ್ತು. ರಸ್ತೆಯ ಎಡಬದಿಯ ಬಿಳಿ ಗೆರೆ ಬಿಟ್ಟರೆ ಏನೂ ಕಾಣದು. ನಾನು ಆ ಗೆರೆ ಹಿಡಿದು ಮೂವತ್ತರ ವೇಗದಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಮೇಷ್ಟ್ರು, "ಏಳೂ ಇಪ್ಪತ್ತಾತು ಮೇಡಂ" ಎಂದರು. ಅಷ್ಟರಲ್ಲಿ ಒಂದು ಲಾರಿ ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಹಿಂದಿನ ಎರಡು ಕೆಂಪು ದೀಪಗಳು ಕಂಡವು. ನನಗೆ ಜೀವ ಬಂದಂತಾಯಿತು. ದಾರಿ ತೋರಿಸಲು ಒಬ್ಬರು ಸಿಕ್ಕರಲ್ಲ ಎಂದು ಅದರ ಬೆನ್ನು ಹತ್ತಿದೆ. ಐವತ್ತು, ಐವತ್ತೈದು.

"ಅವನ ಬೆನ್ನ ಹತ್ತಬ್ಯಾಡ" ಎಂದರು ಮಾವನವರು. "ಅವ ನಿಂತ್ರ ನೀ ನಿಲ್ಲಾಂಗಿಲ್ಲ. ಅವ ಬಾಜೂಕ ಸರದ್ರ ನಿನಗ ಮುಂದಿಂದ ಕಾಣಂಗಿಲ್ಲ. ಬಿಡು ಅವನ್ನ."

"ಮಾಮಾ, ಅಂತರ ಬಿಟ್ಟೀನಿ."

"ಎಲ್ಲಿ ಬಿಟ್ಟಿ? ಸ್ಸ್... ಗೇರ್ ಇಳಸು. ಕಾಜ ಇಳಸು. ಇಷ್ಟ್ ದಿನ ಬಡಕೊಂಡೆ, ಒಂದರೇ ತಲ್ಯಾಗ ಹೋಗ್ಯದೇನು?"

ಮೇಷ್ಟ್ರ ಎದುರಿಗೆ ಹಾಗೆ ಅಂದದ್ದಕ್ಕೋ, ಒಂದು ತಿಂಗಳಿನಿಂದ ಒಳಗೆ ತುಂಬಿಕೊಂಡಿದ್ದಕ್ಕೋ, ನಾನು ಕೂಗಿಬಿಟ್ಟೆ.

"ಮಾಮಾ, ಗಾಡಿ ನಾ ಓಡಸಾಕತ್ತೀನೋ ನೀವು ಓಡಸಾಕತ್ತೀರೋ? ಹುಮನಾಬಾದ್ ಬರೋತನಕ ಒಂದು ಮಾತು ಆಡಬ್ಯಾಡ್ರಿ. ಕೈ ಮುಗೀತೀನಿ."

ನಾನು ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಮದುವೆಯಾಗಿ ಇಪ್ಪತ್ತು ವರ್ಷ ಆಗಿತ್ತು. ಅವರು ಮಫ್ಲರನ್ನು ಬಾಯಿಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತರು. ಕಾಲು ಕೂಡ ಅಲುಗಿಸಲಿಲ್ಲ. ಹಿಂದಿನ ಸೀಟಿನಲ್ಲಿ ಮೇಷ್ಟ್ರು ಕೆಮ್ಮಿದರು.

ರಾಜೇಶ್ವರ ಇನ್ನೂ ಮುಂದಿತ್ತು. ಒಂದೆರಡು ನಿಮಿಷ ಕಳೆದಿರಬೇಕು. ಮುಂದಿನ ಲಾರಿ ಇದ್ದಕ್ಕಿದ್ದಂತೆ ಬಲಕ್ಕೆ ಸರಿಯಿತು. ಕೆಂಪು ದೀಪಗಳು ಮಾಯವಾದವು. ಅವು ಇದ್ದ ಜಾಗದಲ್ಲಿ ಒಂದು ಗುಡ್ಡದಂಥದ್ದು ನಿಂತಿತ್ತು. ಎರಡೂ ಕಾಲು ಒತ್ತಿದೆ. ಕಾರು ಕಿರುಚಿತು, ಹಿಂಭಾಗ ಒಂದಿಷ್ಟು ಹೊರಳಿತು, ಆಮೇಲೆ ಒಣ ಕಟ್ಟಿಗೆ ಮುರಿದ ಹಾಗೆ ಚಟಚಟ ಸದ್ದು. ನಿಂತಾಗ ನನ್ನ ಮುಖದ ಎದುರಿನ ಗಾಜಿನ ತುಂಬ ಬಿರುಕು, ಬಿರುಕಿನಾಚೆ ಕಬ್ಬಿನ ತುದಿಗಳು. ಟ್ರಾಲಿಯಿಂದ ಹಿಂದಕ್ಕೆ ಒಂದು ಮಾರಿನಷ್ಟು ಚಾಚಿಕೊಂಡಿದ್ದ ಕಬ್ಬು ಬಾನೆಟ್ಟಿನ ಮೇಲಿಂದ ಬಂದು ಗಾಜಿಗೆ ತಾಗಿ ನಿಂತಿತ್ತು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಾವನವರ ಬಲಗೈ ನನ್ನ ಎದೆಗೆ ಅಡ್ಡ ಬಂದಿತ್ತು. ಅದು ಯಾವಾಗ ಬಂತೋ ತಿಳಿಯದು. ಹಿಂದೆ ಬೆಲ್ಟ್ ಹಾಕದ ಮೇಷ್ಟ್ರು ನನ್ನ ಸೀಟಿಗೆ ಮುಖ ಬಡಿದುಕೊಂಡು ಮೂಗಿನಿಂದ ರಕ್ತ ಸುರಿಸುತ್ತಿದ್ದರು.

"ಇಳೀರಿ" ಎಂದರು ಮಾವನವರು. "ಎಲ್ಲಾರೂ ಎಡಕ್ಕ ಇಳೀರಿ. ರಸ್ತಾ ಬಿಟ್ಟು ಹೊಲದಾಗ ಹೋಗ್ರಿ."

ನನಗೆ ಬೆಲ್ಟಿನ ಗುಂಡಿ ಸಿಗಲಿಲ್ಲ. ಅವರೇ ಬಿಚ್ಚಿ, ಗೇರಿನ ಮೇಲಿಂದ ನನ್ನನ್ನು ಎಳೆದುಕೊಂಡರು. ನಾಲ್ಕೂ ಇಂಡಿಕೇಟರಿನ ಗುಂಡಿ ಒತ್ತಿದರು. ಆದರೆ ಮೇಷ್ಟ್ರು ಇಳಿಯಲೊಲ್ಲರು.

"ಹೊರಗ ಭಾಳ ಥಂಡಿ ಅದರಿ. ಮೂಗಿಗಿ ಗಾಳಿ ಹತ್ತಬಾರದು. ನಾ ಇಲ್ಲೇ ಕುಂದ್ರತೀನಿ. ಉತ್ತರ ಪತ್ರಿಕಾದ ಚೀಲನೂ ಅದ."

ಆ ಕ್ಷಣಕ್ಕೆ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮಂಜಿನಲ್ಲಿ, ಹೆದ್ದಾರಿಯ ನಡುವೆ, ನಿಂತ ಕಾರಿನಲ್ಲಿ ಕೂರುತ್ತೇನೆ ಅನ್ನುವ ಮನುಷ್ಯ ಮಕ್ಕಳಿಗೆ ವೇಗ ಮತ್ತು ದೂರದ ಲೆಕ್ಕ ಕಲಿಸುತ್ತಾರೆ! ಮಾವನವರು ಮಾತು ಬೆಳೆಸಲಿಲ್ಲ. ಹಿಂದಿನ ಬಾಗಿಲು ತೆರೆದು, ಶಾಲಿನ ಸಮೇತ ಅವರ ತೋಳು ಹಿಡಿದು ಎಳೆದರು. ಎಪ್ಪತ್ತೆರಡು ವರ್ಷದ ಕೈ. ಮೇಷ್ಟ್ರು ಚೀಲದ ಸಮೇತ ಹೊರಗೆ ಬಂದರು.

ರಸ್ತೆಯ ಪಕ್ಕದ ತಗ್ಗಿನಾಚೆ, ಟ್ರ್ಯಾಕ್ಟರಿನ ಮುಂಭಾಗಕ್ಕೆ, ಗಂಡಹೆಂಡತಿ ಇಬ್ಬರು ಸೋಗೆಯ ಬೆಂಕಿ ಹಾಕಿಕೊಂಡು ಕೈ ಕಾಯಿಸಿಕೊಳ್ಳುತ್ತಿದ್ದರು. ನಿರ್ಣಾ ಎಂಬ ಊರಿನ ಕಡೆಯವರು. ಆತ ಟ್ರ್ಯಾಕ್ಟರ್ ಓಡಿಸುವವ, ಆಕೆ ಕಬ್ಬು ಕಡಿಯುವವಳು. ಟ್ರಾಲಿಯ ಗಾಲಿ ಪಂಕ್ಚರ್ ಆಗಿ ಒಂದು ತಾಸಾಗಿತ್ತಂತೆ.

"ಹಿಂದ ಒಂದು ನಿಶಾನಿ ಇಡಬೇಕಿಲ್ಲಪಾ?" ಎಂದು ಕೇಳಿದೆ.

"ಇಟ್ಟೇವಲ್ರೀ ಅಕ್ಕೋರ. ಕಲ್ಲ ಇಟ್ಟೇವಿ."

ಕಲ್ಲು! ಮಂಜಿನಲ್ಲಿ ಟ್ರಾಲಿಯೇ ಕಾಣದಿರುವಾಗ, ಅದರ ಹಿಂದೆ ತೆಂಗಿನಕಾಯಿ ಗಾತ್ರದ ನಾಲ್ಕು ಕಲ್ಲು. ಅವುಗಳಲ್ಲಿ ಒಂದು ನಮ್ಮ ಕಾರಿನ ಕೆಳಗೇ ಇತ್ತು.

"ರೇಡಿಯಂ ಪಟ್ಟಿ ಹಚ್ಚಿಲ್ಲೇನು?"

"ಹಚ್ಯಾರ್ರಿ. ಸಕ್ಕರಿ ಕಾರ್ಖಾನ್ಯಾಗ ಹಚ್ಚಿ ಫೋಟೋನೂ ಹೊಡಕೊಂಡಾರ. ಕಬ್ಬಿನ ಕೆಳಗ ಮುಚ್ಚ್ಯಾವ."

ನಾನು ಇನ್ನೇನೋ ಹೇಳುವವಳಿದ್ದೆ. ಮಾವನವರು ತಡೆದರು. "ಜಗಳ ಆಮ್ಯಾಲ ಮಾಡು, ಯವ್ವಾ. ಮೊದಲ ಹಿಂದಿನ ಗಾಡಿ ನಿಲ್ಲಸಬೇಕು. ಸಪ್ಪಳ ಆಗಬೇಕು. ಏನರ ಬಾರಿಸೋದು ಅದ ಏನು?"

ನಾವು ಉಳಿದವರು ಸುತ್ತಮುತ್ತ ನೋಡುತ್ತ ನಿಂತಿದ್ದಾಗ ಆ ಹೆಣ್ಣುಮಗಳು ಆಗಲೇ ಎದ್ದಿದ್ದಳು. ಚಹಾದ ಅಲ್ಯುಮಿನಿಯಂ ಬೋಗುಣಿ ಬರಿದು ಮಾಡಿ, ಕಬ್ಬು ಕಡಿಯುವ ಕೊಯ್ತಾದ ಬೆನ್ನಿನಿಂದ ಬಡಿಯುತ್ತ, ರಸ್ತೆಯ ಅಂಚಿನಲ್ಲಿ ಬಂದ ದಾರಿಗುಂಟ ಹಿಂದಕ್ಕೆ ಓಡಿದಳು. ನಾನು ಮೊಬೈಲಿನ ಟಾರ್ಚು ಹಚ್ಚಿಕೊಂಡು ಅವಳ ಹಿಂದೆ ಹೊಲದ ಬದುವಿನ ಮೇಲೆ ಓಡಿದೆ. ಬೆಳಕು ನನ್ನ ಮುಂಗೈಯಿಂದಾಚೆ ಹೋಗುತ್ತಿರಲಿಲ್ಲ. ಅವಳ ಬೋಗುಣಿಯ ಸದ್ದು ಮಾತ್ರ ಮಂಜನ್ನು ಸೀಳಿಕೊಂಡು ಹೋಗುತ್ತಿತ್ತು. ಒಂದು ಬಸ್ಸು ಆ ಸದ್ದಿಗೆ ವೇಗ ತಗ್ಗಿಸಿ, ಪಕ್ಕಕ್ಕೆ ಸರಿದು, ನಿಧಾನವಾಗಿ ದಾಟಿ ಹೋಯಿತು. ಡ್ರೈವರಿನ ಕಿಟಕಿ ತೆರೆದಿತ್ತು. ಅದನ್ನು ನಾನು ನೋಡಿದೆ.

ಅದರ ಹಿಂದೆ ಬಂದ ಪಿಕಪ್ಪಿನವನ ಕಿಟಕಿ ತೆರೆದಿರಲಿಲ್ಲ. ಗಾಜಿನೊಳಗಿಂದ ಹಾಡು ಕೇಳುತ್ತಿತ್ತು. ಅವಳು ಬೋಗುಣಿ ಬಡಿದಳು, ನಾನು ಕೂಗಿದೆ, ಅವನು ನಮ್ಮನ್ನು ದಾಟಿ ಹೋದ. ಬ್ರೇಕಿನ ಸದ್ದು ಬಂತು, ಆಮೇಲೆ ತಗಡು ಮುದುಡಿದ ಸದ್ದು.

ಓಡಿ ಬಂದು ನೋಡಿದರೆ ನಮ್ಮ ಕಾರಿನ ಹಿಂಭಾಗ ಹಿಂದಿನ ಸೀಟಿನವರೆಗೆ ಮಡಚಿಕೊಂಡಿತ್ತು. ಮುಂದಿನ ಗಾಜಿನೊಳಗೆ ಕಬ್ಬು ನುಗ್ಗಿ, ನಾನು ಕೂರುವ ಜಾಗಕ್ಕೆ ಬಂದು ನಿಂತಿತ್ತು. ಪಿಕಪ್ಪಿನ ತುಂಬ ಹೂಕೋಸು. ಅವನಿಗೆ ಏನೂ ಆಗಿರಲಿಲ್ಲ. ಇಳಿದವನೇ ನಮ್ಮ ಮೇಲೆ ಹರಿಹಾಯ್ದ.

"ಅಕಲ್ ಅದ ಏನು ನಿಮಗ? ರಸ್ತಾ ಮ್ಯಾಲ ಗಾಡಿ ಯಾಕ ನಿಲ್ಲಿಸೀರಿ?"

ಬೋಗುಣಿ ಹಿಡಿದ ಆ ಹೆಣ್ಣುಮಗಳು ಕೊಯ್ತಾ ಕೆಳಗಿಳಿಸದೆ, "ಮೊದಲ ನಿನ್ನ ಹಾಡ ಬಂದ್ ಮಾಡು, ಆಮ್ಯಾಲ ಮಾತಾಡು" ಎಂದಳು. ಮಾವನವರು ಅವನ ಕೈ ಹಿಡಿದು ಹೊಲದ ಕಡೆ ಕರೆತಂದರು. ಮೇಷ್ಟ್ರು ಹೊಲದ ಬದುವಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ತಾವು ಕೂರುತ್ತೇನೆಂದಿದ್ದ ಸೀಟನ್ನೇ ನೋಡುತ್ತಿದ್ದರು. ಅಂದಿನಿಂದ ಇಂದಿನವರೆಗೆ ನನ್ನ ಕಾರಿನಲ್ಲಿ ಅವರು ಗಡಿಯಾರ ನೋಡಿಲ್ಲ.

ಒಂಬತ್ತರ ಮೇಲೆ ಮಂಜು ಕರಗಿತು. ಪೊಲೀಸರು ಬಂದರು, ಬರೆದುಕೊಂಡರು. ಅವರಲ್ಲೊಬ್ಬರು ನನಗೆ, "ಮಂಜಿನ್ಯಾಗ ಲೇಡೀಸ್ ಗಾಡಿ ತರಬಾರದ್ರಿ ಮೇಡಂ" ಎಂದು ಬುದ್ಧಿ ಹೇಳಿದರು. ಪಿಕಪ್ಪಿನವನಿಗೆ ಗಂಡಸರು ಗಾಡಿ ತರಬಾರದು ಎಂದು ಯಾರೂ ಹೇಳಲಿಲ್ಲ.

ಆ ಸಂಜೆ ಮನೆಯಲ್ಲಿ ಮಾವನವರು ಊಟಕ್ಕೆ ಏಳಲಿಲ್ಲ. ಕುರ್ಚಿಯಲ್ಲಿ ಕೂತೇ ಇದ್ದರು. ನಾನು ಜೋಳದ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ನೆಲದ ಮೇಲೆ ಕೂತು, "ಮಾಮಾ, ನಾ ಹಂಗ ಮಾತಾಡಬಾರದಿತ್ತು. ತಪ್ಪಾತು" ಎಂದೆ.

ಅವರು ಮಫ್ಲರ್ ಬಿಚ್ಚಿ ತೊಡೆಯ ಮೇಲೆ ಮಡಿಸಿಟ್ಟರು. ಆಮೇಲೆ ಹೇಳಿದರು. "ನಿಂದಲ್ಲ. ನಂದು ತಪ್ಪದ. ರಸ್ತಾದ ಮ್ಯಾಲ ಹಸಿ ಸೋಗಿ ಬಿದ್ದಿತ್ತು. ಕಬ್ಬಿನ ಟ್ರಾಲಿ ಮುಂದ ಅದ ಅಂತ ಗೊತ್ತಾತು. ಸ್ವಲ್ಪ ದೂರ ಹೋದಮ್ಯಾಗ ಬೆಂಕಿ ವಾಸನಿನೂ ಬಂತು, ಯಾರೋ ರಸ್ತಾ ಬಾಜೂಕ ನಿಂತು ಕೈ ಕಾಯಸಾಕತ್ತಾರ ಅಂತ ತಿಳೀತು. ಹೇಳಬೇಕಂದೆ. ಮಾತಾಡಬ್ಯಾಡ ಅಂದ್ಯಲ್ಲ, ಆಗಲಿ, ನೋಡೂನು ಇಕಿ ಹ್ಯಾಂಗ ಓಡಸ್ತಾಳ ಅಂತ ಸುಮ್ಮ ಕುಂತೆ."

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಕ್ಷಮೆ ಕೇಳಲು ನೆಲದ ಮೇಲೆ ಕೂತವಳು ಎದ್ದು ನಿಂತೆ. ತಿಂಗಳಿಡೀ ಬೇಡವಾದ ಮಾತುಗಳನ್ನೆಲ್ಲ ಆಡಿ, ಬೇಕಾದ ಒಂದು ಮಾತನ್ನು ಹಟಕ್ಕೆ ನುಂಗಿಕೊಂಡರಲ್ಲ! ನನಗೆ ಗುದ್ದಿದವನ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. "ಮೂರು ಜೀವ ಇದ್ವು ಮಾಮಾ ಗಾಡ್ಯಾಗ" ಎಂದಷ್ಟೇ ಹೇಳಿ ಒಳಗೆ ಹೋದೆ. ರೊಟ್ಟಿ ಹೆಂಚಿನ ಮೇಲೆ ಕರಿಯಾಗಿತ್ತು.

ನಾಲ್ಕು ದಿನ ನಾವು ಮಾತಾಡಲಿಲ್ಲ. ನಾನು ತಟ್ಟೆ ಇಟ್ಟರೆ ಅವರು ಉಣ್ಣುತ್ತಿದ್ದರು, ಅಷ್ಟೆ. ಕಾರು ಗ್ಯಾರೇಜಿನಲ್ಲಿತ್ತು, ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸುತ್ತಿದ್ದೆ. ಸೋಗೆ ಬಿದ್ದದ್ದು ನನಗೂ ಕಾಣಬೇಕಿತ್ತು. ಕಂಡಿರಲೂಬಹುದು. ನನ್ನ ಕಣ್ಣು ಆ ಎರಡು ಕೆಂಪು ದೀಪ ಬಿಟ್ಟು ಬೇರೆ ಕಡೆ ಹೊರಳಿರಲಿಲ್ಲ. ಲಾರಿಯ ಬೆನ್ನು ಹತ್ತಬೇಡ ಎಂದು ಅವರು ಹೇಳಿಯೇ ಇದ್ದರು. ಅವರ ತಪ್ಪು, ನನ್ನ ತಪ್ಪು ಎರಡನ್ನೂ ತೂಗಿದರೆ ಯಾವುದು ಮೇಲೇಳುತ್ತದೆ ಎಂದು ನೋಡುತ್ತ ನೋಡುತ್ತ ಹುಮನಾಬಾದ್ ಬರುತ್ತಿತ್ತು, ತಕ್ಕಡಿ ನಿಲ್ಲುತ್ತಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಕೇಳಿದರು. "ಗಾಡಿ ಬಂದಮ್ಯಾಗ ನಾ ಬರಬೇಕೋ ಬ್ಯಾಡೋ?"

ನಾನು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದೆ. "ಬರ್ರಿ. ಖರೇ ಒಂದು ಶರತ್ತು. ರಸ್ತಾದ ಮ್ಯಾಲ ಏನದ ಅಂತ ಹೇಳ್ರಿ. ನಾ ಹ್ಯಾಂಗ ಓಡಸಬೇಕಂತ ಹೇಳಬ್ಯಾಡ್ರಿ. ಮತ್ತ ಸಿಟ್ಟು ಬಂದ್ರ ಮನ್ಯಾಗ ಬಂದು ಸಿಟ್ಟು ಮಾಡ್ರಿ."

"ಆತು ಬಿಡು" ಎಂದರು. ಸ್ವಲ್ಪ ತಡೆದು, "ಕಾಜ?" ಎಂದರು.

"ಎರಡು ಬೆರಳು ಇಳಸ್ತೀನಿ."

ಈ ನಡುವೆ ವಿಶೇಷ ತರಗತಿಯನ್ನು ಸಂಜೆಗೆ ಹಾಕಿಸುವ ಹೋರಾಟ ಬೇರೆ ನಡೆಯಿತು. ಡಿಸೆಂಬರಿನಿಂದ ಮೂರು ಸಲ ನಾನು ಹೆಡ್ ಮೇಡಂ ಬಳಿ ಕೇಳಿದ್ದೆ. "ಮಂಜ ಬೀಳ್ತದ ಅಂತ ಟೈಮ್ ಟೇಬಲ್ ಬದಲಿ ಮಾಡಾಕ ಬರ್ತದೇನ್ರಿ? ಮೇಲಿನವರು ಕೇಳಿದ್ರ ಏನ್ ಹೇಳಲಿ?" ಎಂದಿದ್ದರು. ಮಕ್ಕಳೂ ಹುಡಗಿ ಎಂಬ ಹಳ್ಳಿಯ ಕಡೆಯಿಂದ ಆ ಮಂಜಿನಲ್ಲೇ ಸೈಕಲ್ ತುಳಿದುಕೊಂಡು ಬರುತ್ತಾರೆ ಎಂದು ಹೇಳಿದರೂ ಕೇಳಿರಲಿಲ್ಲ. ಮೂಗಿಗೆ ಪಟ್ಟಿ ಹಾಕಿಕೊಂಡ ಗಣಿತದ ಮೇಷ್ಟ್ರು ಒಂದೇ ಒಂದು ಸಲ ಹೋಗಿ ನಿಂತರು. ಮರುದಿನವೇ ತರಗತಿ ಸಂಜೆ ನಾಲ್ಕೂವರೆಗೆ ಬದಲಾಯಿತು. ಮೇಷ್ಟ್ರು ಬಂದು, "ನೋಡ್ರಿ ಮೇಡಂ, ಸರಿಯಾಗಿ ಕೇಳಬೇಕು" ಎಂದರು. ನಾನು ಅವರ ಮೂಗನ್ನು ನೋಡಿ ಬಾಯಿ ಬಿಗಿಹಿಡಿದೆ.

ಅಂತೂ ಈಗ ಎಂಟೂಕಾಲಿಗೆ ಹೊರಟರೆ ಸಾಕು. ಕಾರು ರಿಪೇರಿಯಾಗಿ ಬಂದಿದೆ. ಹಿಂದಿನ ಸೀಟಿನ ಬೆಲ್ಟನ್ನು ಮೇಷ್ಟ್ರು ನಾನು ಹೇಳುವ ಮೊದಲೇ ಎಳೆದುಕೊಳ್ಳುತ್ತಾರೆ. ಮಾವನವರು, "ಮುಂದ ಎಡಕ್ಕ ಮೋಟರ್‌ಸೈಕಲ್" "ಹಸಿ ಮಣ್ಣದ" "ಬೆಂಕಿ ವಾಸನಿ ಬರಾಕತ್ತದ" ಎಂದು ಹೇಳುತ್ತಾರೆ. ಶರತ್ತಿನ ಪ್ರಕಾರ ಅಷ್ಟೇ ಹೇಳುತ್ತಾರೆ ಎಂದರೆ ಸುಳ್ಳಾದೀತು. ದಿನಕ್ಕೆ ಒಂದೆರಡು ಸಲ "ಸ್ಸ್" ಇದ್ದೇ ಇರುತ್ತದೆ. ನಾನು ಹಲ್ಲು ಕಚ್ಚಿಕೊಂಡು ವೇಗ ತಗ್ಗಿಸುತ್ತೇನೆ.

ಎಂಟೂವರೆಗೂ ಮಂಜು ಕರಗದಿದ್ದರೆ ಬಂಗ್ಲಾದಲ್ಲೇ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಅಲ್ಲಿನ ಚಹಾದಂಗಡಿಯಲ್ಲಿ ಕೂತುಬಿಡುತ್ತೇವೆ. ಬೆರಳು ಒತ್ತುವುದು ತಡವಾದರೆ ಆಗಲಿ. ಹಾಗೆ ಕೂತಿದ್ದ ಒಂದು ಬೆಳಿಗ್ಗೆ ಒಬ್ಬಾತ ಮೋಟರ್‌ಸೈಕಲ್ ತಂದು ನಿಲ್ಲಿಸಿದ. ಪೆಟ್ರೋಲ್ ಟಾಕಿಯ ಮೇಲೆ ಒಂದು ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು. ಮುಂದಿನ ದೀಪ ಒಡೆದಿತ್ತು, ಹಿಂದಿನದು ಹತ್ತುತ್ತಿರಲಿಲ್ಲ. ಎರಡು ಪೊಟ್ಟಣ ಬಿಸ್ಕಿಟ್ಟು ಕೊಂಡು ಮತ್ತೆ ಗಾಡಿ ಏರಿದ.

ಮಾವನವರು ಎದ್ದು ಹೋದರು. "ಎಲ್ಲಿತನಕಪಾ?"

"ಹುಮನಾಬಾದ್ರೀ. ದವಾಖಾನಿಗಿ ತೋರಸೋದದ."

"ಅರ್ಧಾ ತಾಸ ಕುಂದ್ರು. ಮಂಜ ಕರಗ್ತದ. ಚಾ ಕುಡಿ."

"ನಮಗ ದಿನಾ ರೂಢಿ ಅದರಿ ಕಾಕಾ. ಏನ್ ಆಗಂಗಿಲ್ಲ."

ನಾನೂ ಎದ್ದು ಹೋದೆ. ದೀಪವಿಲ್ಲ, ಹಿಂದೆ ಬರುವವರಿಗೆ ನೀವು ಕಾಣುವುದಿಲ್ಲ, ಮಕ್ಕಳಿದ್ದಾರೆ ಎಂದು ತರಗತಿಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ. ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ, ಕೂತಿರಿ ಎಂದೆ. ಹೆಂಡತಿ ಅವನ ಭುಜ ಮುಟ್ಟಿದಳು. ಆತ ನಕ್ಕು, "ದವಾಖಾನ್ಯಾಗ ಚೀಟಿ ಹಚ್ಚೂದು ತಡ ಆಗ್ತದ್ರಿ ಅಕ್ಕೋರ" ಎಂದು ಕಿಕ್ ಹೊಡೆದು ಹೊರಟೇಬಿಟ್ಟ. ನಾಲ್ಕೂ ಜೀವ ಮಂಜಿನೊಳಗೆ ಸೇರಿದವು. ಮೋಟರ್‌ಸೈಕಲ್ಲಿನ ಸದ್ದು ಒಂದಿಷ್ಟು ಹೊತ್ತು ಕೇಳಿತು, ಆಮೇಲೆ ಅದೂ ಇಲ್ಲ. ನಮ್ಮ ಚಹಾ ಆರಿಹೋಗಿತ್ತು.

ಮಂಜು ಕರಗಿದ ಮೇಲೆ ಹೊರಟೆವು. ಮಾವನವರು ಎಡಗಡೆಯ ತಗ್ಗು ನೋಡುತ್ತಿದ್ದರು, ಮೇಷ್ಟ್ರು ಬಲಗಡೆಯದು, ನಾನು ಮುಂದಿನದು. ರಾಜೇಶ್ವರ ದಾಟಿತು. ಹುಮನಾಬಾದ್ ಬಂತು. ದವಾಖಾನೆಯ ಎದುರು ಆ ಮೋಟರ್‌ಸೈಕಲ್ ಬೇವಿನ ಗಿಡದ ಕೆಳಗೆ ನಿಂತಿತ್ತು. ಆತ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಿಸ್ಕಿಟ್ಟು ತಿನ್ನಿಸುತ್ತಿದ್ದ. ನಮ್ಮನ್ನು ನೋಡಿ ಗುರುತು ಹಿಡಿದು, ನಾ ಹೇಳಲಿಲ್ಲವೆ ಎಂಬಂತೆ ಕೈ ಎತ್ತಿದ.

"ಮುಟ್ಟ್ಯಾನ" ಎಂದರು ಮಾವನವರು, ಉಸಿರು ಬಿಟ್ಟು.

ನನಗೂ ಸಮಾಧಾನವಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಏನೂ ಆಗಲಿಲ್ಲವಲ್ಲ, ನಾಳೆಯೂ ಆತ ಹೀಗೇ ಬರುತ್ತಾನೆ.